ಗೃಹಾಲಂಕಾರದಲ್ಲಿ ಪುಸ್ತಕಗಳ ಸ್ಥಾನ

ಮನೆಯು ಒಪ್ಪವಾಗಿಯೂ ಅಂದವಾಗಿಯೂ ಇರಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ನಮ್ಮ ಶಾಲೆಯಲ್ಲಿ ಕಲಿತುಹೋದ ಹೆಣ್ಣುಮಕ್ಕಳು ಇಂದು ಹಲವು ಊರುಗಳಲ್ಲಿ ತಮ್ಮ ತಮ್ಮ ಸಂಸಾರಗಳನ್ನು ನಡೆಸುತ್ತಿದ್ದಾರೆ. ಅವರ ಮನೆಗಳಿಗೆ ಹೋಗುವ ಸಂದರ್ಭ ಒದಗಿದಾಗಲೆಲ್ಲ ಅಲ್ಲಿನ ಅಚ್ಚುಕಟ್ಟನ್ನು ಕಂಡು ನಾವು ಸಂತೋಷಪಡುತ್ತೇವೆ. ಆದರೆ ಆ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆಯನ್ನು ಕೇಳುವುದು ನಮಗೆ ರೂಢಿಯಾಗಿದೆ: “ನಿನ್ನ ಪುಸ್ತಕಗಳೆಲ್ಲಿವೆ?” ಕೆಲವರು ನಕ್ಕು ಸುಮ್ಮನಾಗುತ್ತಾರೆ. ಕೆಲವರು ತವರುಮನೆಯ ಅಟ್ಟವನ್ನು ಹೆಸರಿಸುತ್ತಾರೆ. ಮದುವೆಯ ಗಡಿಬಿಡಿಯಲ್ಲಿ ಹಳೆಯ ಕಾಗದದವನಿಗೆ ತೂಕಕ್ಕೆ ಹೋದವೆಂದು ಹೇಳುವವರೂ ಉಂಟು. ಒಡವೆಗೆ ಪೆಟ್ಟಿಗೆಯುಂಟು, ಪಾತ್ರೆಗೆ ಹಲಗೆಯುಂಟು, ಪಾದರಕ್ಷೆಗಳಿಗೂ ಈಗ ಪ್ರತ್ಯೇಕವಾದ ಗೂಡುಂಟು. ಹತ್ತಾರು ವರ್ಷ ಓದಿದ ಹೆಣ್ಣುಮಗಳ ಪುಸ್ತಕಗಳಿಗೆ ಮಾತ್ರ ಗೇಣು ಸ್ಥಳವಿಲ್ಲ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಪುಸ್ತಕದ ಕಪಾಟಿನ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಮಗೆ ತೋರಿತು.

ಇದಕ್ಕೆ ವಿರುದ್ಧವಾದ ಸ್ಥಿತಿಯನ್ನೂ ಈಚೆಗೆ ಕಾಣುತ್ತಿದ್ದೇವೆ. ಹೊಸದಾಗಿ ಕಟ್ಟಿಸಿದ ಮನೆಗಳ ಹಜಾರದಲ್ಲಿ ಗೋಡೆಯುದ್ದಕ್ಕೂ ಸುಂದರವಾದ ಕಪಾಟಿರುತ್ತದೆ. ಅದರಲ್ಲಿ ಪುಸ್ತಕಗಳನ್ನು ಬಣ್ಣದ ಪ್ರಕಾರ ಜೋಡಿಸಿರುತ್ತಾರೆ. ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಎಲ್ಲವೂ ಒಂದೇ ತೆರನಾಗಿ ಕಾಣಲೆಂದು ಪುಸ್ತಕದ ಬೆನ್ನನ್ನು ಗೋಡೆಯ ಕಡೆಗೆ ತಿರುಗಿಸಿಡುವ ರೂಢಿಯೂ ಬಂದಿದೆ. 2020ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಜನರು ಮನೆಗಳಲ್ಲಿಯೇ ಕುಳಿತು ದೃಶ್ಯಕರೆಗಳ ಮೂಲಕ ಸಭೆ ನಡೆಸಬೇಕಾದಾಗ, ತಮ್ಮ ಬೆನ್ನ ಹಿಂದೆ ಪುಸ್ತಕದ ಕಪಾಟು ಕಾಣುವಂತೆ ಕೂರುವುದು ಲೋಕದಲ್ಲೆಲ್ಲ ಒಂದು ಮರ್ಯಾದೆಯೆನಿಸಿತು. ಇಂತಹ ಕಪಾಟುಗಳಿಗೆ ಹಲವೆಡೆ ಗಾಜಿನ ಬಾಗಿಲೂ ಬೀಗವೂ ಇರುತ್ತವೆ. ಬೀಗದ ಕೈ ಎಲ್ಲಿದೆಯೆಂದು ಮನೆಯ ಮಕ್ಕಳನ್ನು ಕೇಳಿದರೆ ಅವರಿಗೆ ತಿಳಿಯದು.

ಅಂದವನ್ನು ನಾವು ಹಳಿಯುವುದಿಲ್ಲ. ಮನೆಯನ್ನು ಸಿಂಗರಿಸುವುದು ಗೃಹಕೃತ್ಯದ ಒಂದು ಭಾಗವೇ ಆಗಿದೆ. ಬರಿಯ ಗೋಡೆಗಿಂತ ಪುಸ್ತಕಗಳಿರುವ ಗೋಡೆ ಕಣ್ಣಿಗೆ ಹಿತವೆಂಬುದೂ ನಿಜ. ನಾಲ್ಕು ಬಾರಿ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದ ಗ್ಲ್ಯಾಡ್‌ಸ್ಟನ್ನರು ಪುಸ್ತಕಗಳನ್ನೂ ಅವುಗಳನ್ನಿಡುವ ವಿಧಾನವನ್ನೂ ಕುರಿತು 1890ರಲ್ಲಿ ಒಂದು ಲೇಖನವನ್ನೇ ಬರೆದರು. ಕಪಾಟಿಗೆ ಕೆತ್ತನೆಯ ಆಡಂಬರ ಬೇಡ, ಪುಸ್ತಕಗಳೇ ಅದಕ್ಕೆ ಸಾಕಾದ ಅಲಂಕಾರ ಎಂಬುದು ಅವರ ಅಭಿಪ್ರಾಯವಾಗಿತ್ತು. ಇದು ಬಡವರಿಗೂ ಒಪ್ಪುವ ಮಾತಾಗಿದೆ. ಸಾದಾ ಹಲಗೆಗಳ ಮೇಲೆ ಓದಿ ಸವೆದ ಪುಸ್ತಕಗಳ ಸಾಲು, ಬೆಲೆಬಾಳುವ ಗೊಂಬೆಗಳ ಸಾಲಿಗಿಂತ ಶೋಭಿಸುತ್ತದೆ.

ಹಾಗಾದರೆ ನಮ್ಮ ಆಕ್ಷೇಪಣೆ ಯಾವುದಕ್ಕೆ? ನೋಡುವುದಕ್ಕೆ ಮಾತ್ರ ಇಟ್ಟು, ಮುಟ್ಟುವುದಕ್ಕೆ ಕೊಡದಿರುವುದಕ್ಕೆ. ಇಂಗ್ಲೆಂಡಿನ ಹೆರೆಫರ್ಡ್ ನಗರದ ಕತೀಡ್ರಲ್ ದೇವಾಲಯದಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿದಿರುವ ಹಳೆಯ ಗ್ರಂಥಾಲಯವೊಂದು ಇಂದಿಗೂ ಇದೆ. ಸರಪಳಿಯು ರಟ್ಟಿನ ಮುಂಭಾಗದ ಅಂಚಿಗೆ ಸೇರಿರುವುದರಿಂದ ಅಲ್ಲಿಯೂ ಪುಸ್ತಕಗಳ ಬೆನ್ನು ಒಳಗಡೆಗೇ ಇರುತ್ತದೆ. ಆದರೆ ಆ ಸರಪಳಿಯ ಉದ್ದೇಶವು ಓದುವವನು ಅಲ್ಲಿಯೇ ಮೇಜಿನ ಮೇಲಿಟ್ಟುಕೊಂಡು ಓದಲಿ, ಹೊತ್ತುಕೊಂಡು ಹೋಗದಿರಲಿ ಎಂಬುದಾಗಿತ್ತು. ನಮ್ಮ ಹಜಾರದ ಬೀಗಕ್ಕೆ ಅಷ್ಟು ಸಮರ್ಥನೆಯೂ ಇಲ್ಲ. ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು 1931ರಲ್ಲಿ ಪ್ರಕಟಿಸಿ, ತಮ್ಮ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು ಪುಸ್ತಕದ ಬಳಕೆಯನ್ನೇ ಮೊದಲನೆಯ ಸೂತ್ರವಾಗಿಟ್ಟರು. ದೊಡ್ಡ ಗ್ರಂಥಾಲಯಕ್ಕೆ ಸಲ್ಲುವ ಈ ನಿಯಮ ಮೂರು ಹಲಗೆಯ ಕಪಾಟಿಗೂ ಸಲ್ಲತಕ್ಕದ್ದೇ. ಆದ್ದರಿಂದ ನಮ್ಮ ಅಭಿಪ್ರಾಯವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಮನೆಯ ಅತಿ ಚಿಕ್ಕ ಹುಡುಗಿಯ ಕೈಗೆ ಎಟಕುವಂತೆ, ಬೀಗವಿಲ್ಲದೆ, ಎಲ್ಲರೂ ಓಡಾಡುವ ಜಾಗದಲ್ಲಿ ಪುಸ್ತಕಗಳನ್ನಿಡಬೇಕು, ಅಂದವು ಅದರ ಹಿಂದೆ ತಾನಾಗಿ ಬರುತ್ತದೆ.

ಇದರಿಂದಾಗುವ ಪ್ರಯೋಜನವು ಬರಿಯ ಊಹೆಯಲ್ಲ. 27 ದೇಶಗಳ 70,000ಕ್ಕೂ ಹೆಚ್ಚು ಜನರ ವಿಷಯವನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಸುಮಾರು 500 ಪುಸ್ತಕಗಳಿದ್ದ ಮನೆಗಳಲ್ಲಿ ಬೆಳೆದವರು ಪುಸ್ತಕಗಳಿಲ್ಲದ ಮನೆಗಳಲ್ಲಿ ಬೆಳೆದವರಿಗಿಂತ ಸರಾಸರಿ ಮೂರು ವರ್ಷ ಹೆಚ್ಚಾಗಿ ವಿದ್ಯಾಭ್ಯಾಸ ಮಾಡಿದ್ದರು. ತಂದೆತಾಯಿಗಳ ವಿದ್ಯೆ, ಉದ್ಯೋಗ, ಅಂತಸ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಈ ವ್ಯತ್ಯಾಸ ಉಳಿಯಿತು. ಮೊದಲ ಕೆಲವು ಪುಸ್ತಕಗಳಿಂದಲೇ ಹೆಚ್ಚಿನ ಲಾಭವೆಂಬುದೂ ಅದರಲ್ಲಿ ಕಂಡುಬಂದಿತು. ಕಪಾಟನ್ನು ಕೊಂಡುತಂದ ಮಾತ್ರಕ್ಕೆ ಮಕ್ಕಳು ಜಾಣರಾಗುವರೆಂದು ಇದರಿಂದ ತಿಳಿಯಬಾರದು. ಪುಸ್ತಕಗಳಿರುವ ಮನೆಯಲ್ಲಿ ಓದುವವರು ಇರುತ್ತಾರೆ, ಓದಿದ್ದನ್ನು ಕುರಿತು ಮಾತು ನಡೆಯುತ್ತದೆ, ಆ ಮಾತನ್ನು ಮಕ್ಕಳು ಕೇಳುತ್ತಾರೆ. ಕಪಾಟು ಆ ಮಾತಿಗೆ ನೆಲೆಯಷ್ಟೆ.

ಶಾಲೆಯ ಬಾಗಿಲು ಮುಚ್ಚಿದ ಹೆಣ್ಣುಮಕ್ಕಳಿಗೆ ಈ ನೆಲೆಯು ಎಷ್ಟರಮಟ್ಟಿಗೆ ಆಸರೆಯಾಗಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳಿವೆ. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬಾ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ವಿಧವೆಯಾದರು. ತಂದೆಯವರ ಪ್ರೋತ್ಸಾಹದಿಂದ ಮನೆಯಲ್ಲಿಯೇ ಓದಿ, 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, ಲೇಖಕಿಯೂ ಪ್ರಕಾಶಕಿಯೂ ಆದರು. 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ಶಾಲೆಯ ಓದು ಏಳು ವರ್ಷಕ್ಕೆ ನಿಂತು, ಹನ್ನೆರಡನೆಯ ವಯಸ್ಸಿಗೆ ಮದುವೆಯಾಯಿತು. ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ, ನಲವತ್ತೈದು ವರ್ಷ ದಾಟಿದ ಮೇಲೆ. ಶಾಲೆಗೂ ಆ ಪುಸ್ತಕಕ್ಕೂ ನಡುವಿನ ಮೂರು ದಶಕಗಳಲ್ಲಿ ಓದು ಸಂಸಾರದ ನಡುವೆಯೇ ನಡೆಯಬೇಕಾಗಿತ್ತು. ಇಂದಿನ ನಮ್ಮ ಹುಡುಗಿಯರಿಗೆ ಅಂಥ ದುಃಸ್ಥಿತಿಯಿಲ್ಲ, ನಿಜ. ಆದರೆ ಪದವಿಯನ್ನು ಪಡೆದ ಮೇಲೆ ಒಂದು ಪುಸ್ತಕವನ್ನೂ ಮುಟ್ಟದೆ ಇಪ್ಪತ್ತು ವರ್ಷ ಕಳೆದವರು ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿಯೇ ಇದ್ದಾರೆ. ಅವರಿಗೆ ಬುದ್ಧಿ ಕಡಿಮೆಯೆಂದಾಗಲಿ ಆಸಕ್ತಿಯಿಲ್ಲವೆಂದಾಗಲಿ ನಾವು ಹೇಳಲಾರೆವು. ಒಲೆಯ ಮೇಲಿನ ಹಾಲು ಉಕ್ಕುವವರೆಗೆ ಸಿಗುವ ಹತ್ತು ನಿಮಿಷದಲ್ಲಿ ಕೈಗೆ ಪುಸ್ತಕ ಸಿಗಬೇಕಾದರೆ ಅದು ಅಡಿಗೆಮನೆಯಿಂದ ಹತ್ತು ಹೆಜ್ಜೆಯೊಳಗೆ ಇರಬೇಕಾಗುತ್ತದೆ. ಅಟ್ಟದಲ್ಲಿದ್ದರೆ ಆ ಹತ್ತು ನಿಮಿಷ ವ್ಯರ್ಥವಾಗಿಯೇ ಹೋಗುತ್ತದೆ.

ಇನ್ನು ಕಪಾಟನ್ನು ಮಾಡಿಸುವ ಕ್ರಮ. ನಮ್ಮ ಹಿರಿಯರ ಮನೆಗಳಲ್ಲಿ ಗೋಡೆಗಳು ದಪ್ಪವಾಗಿದ್ದುದರಿಂದ ಗೋಡೆಯೊಳಗೇ ಗೂಡುಗಳನ್ನು ಬಿಡುತ್ತಿದ್ದರು, ದೀಪಕ್ಕೊಂದು, ಪುಸ್ತಕಕ್ಕೊಂದು. ಇಂದಿನ ತೆಳುವಾದ ಗೋಡೆಗಳಲ್ಲಿ ಅದಕ್ಕೆ ಅವಕಾಶವಿಲ್ಲದಿರುವುದರಿಂದ ಹಲಗೆಗಳನ್ನು ಹೊರಗಡೆ ಹೂಡಬೇಕಾಗುತ್ತದೆ. ಸಾಧಾರಣ ಪುಸ್ತಕಗಳಿಗೆ ಹತ್ತು ಅಂಗುಲ ಅಗಲದ ಹಲಗೆ ಸಾಕು. ಇದಕ್ಕಿಂತ ಅಗಲವಾದರೆ ಪುಸ್ತಕಗಳ ಹಿಂದೆ ಇನ್ನೊಂದು ಸಾಲು ಸೇರಿ, ಹಿಂದಿನವು ಮರೆತೇಹೋಗುತ್ತವೆ. ಒಂದು ಅಡಿ ಉದ್ದಕ್ಕೆ ನಿಲ್ಲಿಸಿದ ಪುಸ್ತಕಗಳು ಸುಮಾರು 10 ಕಿಲೋಗ್ರಾಂ ತೂಗಬಹುದು. ಆಧಾರಗಳ ನಡುವಣ ಉದ್ದವನ್ನು ಇಮ್ಮಡಿ ಮಾಡಿದರೆ ಅದೇ ಹಲಗೆ 16 ಮಡಿ ಹೆಚ್ಚಾಗಿ ಬಾಗುತ್ತದೆ. ಆದುದರಿಂದ ಮುಕ್ಕಾಲು ಅಂಗುಲ ದಪ್ಪದ ಹಲಗೆಗೆ ಎರಡೂವರೆ ಅಡಿಗೊಂದು ಆಧಾರವಿರತಕ್ಕದ್ದು.

ಎತ್ತರದ ವಿಷಯವನ್ನು ಮುಖ್ಯವಾಗಿ ಗಮನಿಸಬೇಕು. ಐಕಿಯ ಕಂಪನಿಯವರು 1979ರಲ್ಲಿ ಹೊರತಂದು ದೇಶದೇಶಗಳಲ್ಲಿ ಹರಡಿರುವ ‘ಬಿಲ್ಲಿ’ ಎಂಬ ಕಪಾಟಿನ ಎತ್ತರ 202 ಸೆಂಟಿಮೀಟರು, ಅಂದರೆ ಆರೂವರೆ ಅಡಿಗೂ ಮಿಕ್ಕಿದ್ದು. ನಮ್ಮ ಹೆಣ್ಣುಮಕ್ಕಳಲ್ಲಿ ಬಹುಮಂದಿಗೆ ಅಂಥ ಕಪಾಟಿನ ಮೇಲಿನ ಹಲಗೆ ಸುಲಭವಾಗಿ ಎಟಕದು. ಕೆಳಗಿನ ಎರಡು ಹಲಗೆಗಳನ್ನು ಮಕ್ಕಳಿಗೂ ನಡುವಿನವನ್ನು ದಿನಬಳಕೆಯ ಪುಸ್ತಕಗಳಿಗೂ ಬಿಟ್ಟು, ವರ್ಷಕ್ಕೊಮ್ಮೆ ಬೇಕಾಗುವವನ್ನು ಮೇಲಕ್ಕೇರಿಸುವುದು ಲೇಸು. ಎತ್ತರವಾದ ಕಪಾಟನ್ನು ಗೋಡೆಗೆ ಬಿಗಿಯುವುದನ್ನು ಮರೆಯಬಾರದು. ಮಕ್ಕಳು ಹಲಗೆಯನ್ನು ಮೆಟ್ಟಲೆಂದು ಏರುತ್ತಾರೆ.

ಗಾಜು ಬೇಕೋ ಬೇಡವೋ ಎಂದು ಕೇಳುವವರಿಗೆ ನಮ್ಮ ಉತ್ತರವು ಊರನ್ನು ಅವಲಂಬಿಸಿದೆ. ಬಯಲುಸೀಮೆಯ ಧೂಳಿಗೆ ಗಾಜಿನ ಬಾಗಿಲು ಒಳ್ಳೆಯ ರಕ್ಷಣೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನ ಕಡೆಯಲ್ಲಿ ಬಾಗಿಲನ್ನು ಸದಾ ಮುಚ್ಚಿದ್ದರೆ ಒಳಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ಕಪಾಟನ್ನು ಗೋಡೆಯಿಂದ ಎರಡು ಅಂಗುಲ ಮುಂದಕ್ಕಿಟ್ಟು ಗಾಳಿಯಾಡಲು ಬಿಡಬೇಕು, ಪುಸ್ತಕಗಳನ್ನು ಇರುಕಿ ತುಂಬಬಾರದು. ತೇಗವೂ ಹಲಸೂ ಗೆದ್ದಲನ್ನು ತಡೆಯುವ ಮರಗಳು. ಆದರೆ ಎಲ್ಲಕ್ಕಿಂತ ಒಳ್ಳೆಯ ರಕ್ಷಣೆಯೆಂದರೆ ಪದೇಪದೇ ತೆಗೆದು ಓದುವುದೇ. ಕೈ ತಾಗದ ಮೂಲೆಯನ್ನೇ ಹುಳುಗಳು ಹುಡುಕುತ್ತವೆ. ಗಾಜು ಹಾಕಿಸುವವರು ಹಾಕಿಸಲಿ. ಬೀಗವನ್ನು ಮಾತ್ರ ಹಾಕಿಸದಿರಲಿ.

ಮಕ್ಕಳು ಹರಿದುಹಾಕುವರೆಂಬ ಭಯವನ್ನು ಕೆಲವು ತಾಯಂದಿರು ಹೇಳುತ್ತಾರೆ. ಹಾಳೆಯೊಂದು ಹರಿದರೆ ಅಂಟಿಸಬಹುದು, ಅಂಟಿಸುವುದನ್ನು ಆ ಮಗುವಿಗೇ ಕಲಿಸಬಹುದು. ಮೊಬೈಲಿನಲ್ಲಿಯೇ ಸಾವಿರ ಪುಸ್ತಕಗಳಿರುವಾಗ ಮರದ ಕಪಾಟೇಕೆ ಎನ್ನುವವರೂ ಇದ್ದಾರೆ. ಅದರಲ್ಲಿ ಓದುವುದನ್ನು ನಾವು ನಿಷೇಧಿಸುವುದಿಲ್ಲ. ಆದರೆ ತಾಯಿ ಮೊಬೈಲಿನಲ್ಲಿ ಕಾದಂಬರಿಯನ್ನು ಓದುತ್ತಿದ್ದಾಳೋ ಪೇಟೆಯ ಸೀರೆಗಳನ್ನು ನೋಡುತ್ತಿದ್ದಾಳೋ ಮಗಳಿಗೆ ಹೇಗೆ ತಿಳಿಯಬೇಕು? ಕೈಯಲ್ಲಿ ಪುಸ್ತಕವಿದ್ದರೆ ಅದರ ಹೆಸರು ಹೊರಗೆ ಕಾಣುತ್ತದೆ, ಮಗಳು ಅದೇನೆಂದು ಕೇಳುತ್ತಾಳೆ. ಕಪಾಟಿನ ಮುಂದೆ ಸುಮ್ಮನೆ ನಿಂತ ಮಗು ತಾನು ಹುಡುಕದಿದ್ದ ಪುಸ್ತಕವನ್ನು ಕಾಣುತ್ತದೆ. ಬೆನ್ನನ್ನು ಗೋಡೆಗೆ ತಿರುಗಿಸಿಡುವುದನ್ನು ನಾವು ಒಪ್ಪದಿರುವುದೂ ಇದೇ ಕಾರಣದಿಂದ.

ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟು. ಮಗಳ ಮದುವೆಗೆಂದು ಪಾತ್ರೆ, ಬೀರು, ಮಂಚಗಳ ಪಟ್ಟಿ ಮಾಡುವಾಗ ಆಕೆಯ ಪುಸ್ತಕಗಳನ್ನೂ ಎರಡು ಹಲಗೆಗಳನ್ನೂ ಆ ಪಟ್ಟಿಯಲ್ಲಿ ಸೇರಿಸಿರಿ. ಅವು ಆಕೆಗೆ ಯಾರೋ ಕೊಟ್ಟ ಉಡುಗೊರೆಯಲ್ಲ, ಆಕೆಯು ತಾನೇ ದುಡಿದು ಗಳಿಸಿದ ಸ್ವತ್ತು. ಗಂಡುಮಕ್ಕಳನ್ನು ಹೆತ್ತವರು ಮನೆಗೆ ಬರುವ ಸೊಸೆಗೆ ಆ ಹಲಗೆಗಳ ಸ್ಥಳವನ್ನು ಮುಂಚಿತವಾಗಿಯೇ ಬಿಟ್ಟಿರಲಿ. ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ಪುಸ್ತಕಗಳು ಇನ್ನೂ ತವರಿನ ಅಟ್ಟದಲ್ಲಿದ್ದರೆ ಮುಂದಿನ ರಜೆಯಲ್ಲಿ ಹೋಗಿ ಇಳಿಸಿಕೊಳ್ಳಿರಿ. ಗೆದ್ದಲಿಗೆ ಉಳಿದವು ಹತ್ತೇ ಆಗಲಿ, ಆ ಹತ್ತರಿಂದಲೇ ಆರಂಭಿಸಿರಿ. ನಾವು ನಿಮ್ಮ ಮನೆಗೆ ಬಂದಾಗ ಆ ಕಪಾಟನ್ನು ತೋರಿಸಿರಿ. ಸಾಲಿನ ನಡುವೆ ಒಂದೆರಡು ಪುಸ್ತಕಗಳ ಸ್ಥಳ ಬರಿದಾಗಿದ್ದು, ಅವನ್ನು ಯಾರು ಓದುತ್ತಿದ್ದಾರೆಂದು ನೀವು ಹೇಳಬಲ್ಲಿರಾದರೆ ನಮಗೆ ಅದಕ್ಕಿಂತ ಹೆಚ್ಚಿನ ಅಲಂಕಾರ ಬೇಕಿಲ್ಲ.