ಕೊನೆ ದಿನದ ಚಪ್ಪಾಳೆ ಸಾಕೇ?



ಮುತ್ಯಾನ ಸಂಗಡ ಚಿಟಗುಪ್ಪದಿಂದ ಬಸ್ ಹತ್ತಿ ಹುಮನಾಬಾದದ ವೀರಭದ್ರೇಶ್ವರ ಜಾತ್ರೆಗೆ ಹೋಗಿದ್ದೆ. ಅಲ್ಲಿ ಒಂದು ನಾಟಕ ಕಂಪನಿಯ ಕೊನೆ ಆಟ ಇತ್ತು. ಮರುದಿನ ಟೆಂಟ್ ಬಿಚ್ಚಿ ಕಂಪನಿ ಮುಚ್ಚುವವರಿದ್ದರು. ಅವತ್ತು ಕುಂದರಲು ಜಾಗ ಇರಲಿಲ್ಲ. ಆಟ ಮುಗಿದಾಗ ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಹಾಸ್ಯ ಪಾತ್ರದ ಕಾಕಾ ಬಣ್ಣ ಒರೆಸದೇ ಬಂದು, "ದಿನಾ ಇಷ್ಟು ಮಂದಿ ಬಂದಿದ್ರ ನಾವ್ಯಾಕ ಕಂಪನಿ ಮುಚ್ಚತಿದ್ದಿವಿ?" ಅಂದರು. ನನಗೆ ನಾಚಿಕೆ ಆಯಿತು. ಯಾಕಂದರೆ ಮೊದಲು ಎರಡು ಸಲ ಮುತ್ಯಾ ಕರೆದಾಗ ಮೊಬೈಲ್ ನೋಡುತ್ತಾ "ವಲ್ಲೆ" ಅಂದಿದ್ದೆ.

2020ರಲ್ಲಿ ಕೊರೊನಾ ಬಂದು ನಾಟಕಗಳು ತಿಂಗಳುಗಟ್ಟಲೆ ನಿಂತಿದ್ದವು. ಈಗ ರೋಗ ಇಲ್ಲ, ನೋಡುವವರೇ ಇಲ್ಲ. ಡಾ. ರಾಜಕುಮಾರ್ ಹುಡುಗರಿದ್ದಾಗ ನಟನೆ ಕಲಿತದ್ದು 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಲ್ಲಿ. ಹಿಂಗ ಟೆಂಟ್‌ಗಳು ಮುಚ್ಚಿದರೆ ನಮ್ಮಂಥ ಹಳ್ಳಿ ಹುಡುಗರು ಎಲ್ಲಿ ಕಲಿಯಬೇಕು?

ಕೊನೆ ದಿನ ಕಣ್ಣೀರು ಹಾಕುವುದಕ್ಕಿಂತ ಮೊದಲ ದಿನವೇ ಟಿಕೆಟ್ ತೆಗೆಯುವುದು ಮೇಲು. ಗುರುಗಳಲ್ಲಿ ಒಂದು ವಿನಂತಿ. ಈ ವರ್ಷ ಗ್ಯಾದರಿಂಗಿನಲ್ಲಿ ಸಿನಿಮಾ ಹಾಡಿನ ಡಾನ್ಸ್ ಒಂದು ಕಡಿಮೆ ಮಾಡಿ, ಒಂದು ನಾಟಕ ಆಡಿಸಿರಿ. ಹಾಸ್ಯ ಪಾತ್ರ ನಾನು ಮಾಡುತ್ತೇನೆ.

– ಏಳನೇ ತರಗತಿ ವಿದ್ಯಾರ್ಥಿ