ಪಂಪು ಹೊತ್ತ ಬೆನ್ನಿನ ಲೆಕ್ಕ



ಟಿಕೋಟಾ, ಬಬಲೇಶ್ವರ ಕಡೆಯ ಎರಿ ಹೊಲದಾಗ ಹತ್ತಿಗೆ ಹೇನು ಬಿತ್ತಂದ್ರ ಎಲೆ ಮುದುಡುತ್ತದೆ, ಅಂಟು ಸುರಿದು ಅರಳಿದ ಹತ್ತಿ ಕಪ್ಪಾಗುತ್ತದೆ. 2002ರಲ್ಲಿ ಬಂದ ಬಿ.ಟಿ. ಹತ್ತಿ ಕಾಯಿಕೊರಕಕ್ಕೆ ಮಾತ್ರ. ಹೇನಿಗೆ ಅದು ತಾಗುವುದಿಲ್ಲ. ಹಂಗಾಗಿ ಎಣ್ಣಿ ಹೊಡೆಯೋದು ನಿಂತಿಲ್ಲ. ಹೊಲ ಸಾವಕಾರರದು. ಪಂಪು ಹೊರುವ ಬೆನ್ನು ನಮ್ಮ ಕೇರಿಯದು.

ಯಾವ ಎಣ್ಣಿ ಮೇಲು? ಪಂಡಿತರು ಲೆಕ್ಕ ಹಾಕುತ್ತಾರೆ: ಎಲೆಗೆ ಎಷ್ಟು ಹೇನು ಉಳಿದವು, ಎಕರೆಗೆ ಎಷ್ಟು ಕ್ವಿಂಟಲ್ ಬಂತು, ಖರ್ಚೆಷ್ಟು. ಹೊಡೆದವನ ಮೈಗೆ ಏನಾಯಿತು? ಆ ಕಾಲಂ ನಾವೇ ಬರೆಯೋಣ.

ಮೊನೊಕ್ರೊಟೊಫಾಸ್. ಅಗ್ಗದ ಎಣ್ಣಿ, ಡಬ್ಬಿಯ ಮೇಲೆ ಕೆಂಪು ತ್ರಿಕೋನ. ಚರ್ಮದಿಂದಲೇ ಒಳಗಿಳಿದು ನರ ಹಿಡಿಯುತ್ತದೆ: ಬೆವರು, ವಾಂತಿ, ಕಣ್ಣು ಮಂಜು, ಉಸಿರು ಕಟ್ಟುವುದು. 2005ರಲ್ಲಿ ಸರಕಾರ ಇದನ್ನು ತರಕಾರಿಗೆ ಹೊಡೆಯಬಾರದೆಂದಿತು, ಹತ್ತಿಗೆ ಬಿಟ್ಟಿತು. ತಿನ್ನುವವನ ಜೀವ ನೆನಪಾಯಿತು, ಹೊಡೆಯುವವನದು ನೆನಪಾಗಲಿಲ್ಲ! 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ವಿಷ ಹೊಡೆದ ರೈತರು, ಕೂಲಿಗಳು ಸೇರಿ 20ಕ್ಕೂ ಹೆಚ್ಚು ಮಂದಿ ಸತ್ತರು. ಮೊನೊಕ್ರೊಟೊಫಾಸ್ 36 ಎಸ್.ಎಲ್. ನಿಷೇಧದ ಆದೇಶ ಬಂದದ್ದು 2023ರಲ್ಲಿ.

ಇಮಿಡಾಕ್ಲೋಪ್ರಿಡ್. ಮನುಷ್ಯನಿಗೆ ಅದಕ್ಕಿಂತ ಕಡಿಮೆ ಅಪಾಯ, ಆದರೂ ವಿಷವೇ. ಜೇನುಹುಳಕ್ಕೆ ಮೃತ್ಯು. ಮೇಲಿಂದ ಮೇಲೆ ಹೊಡೆದರೆ ಹೇನೂ ಜಗ್ಗುವುದಿಲ್ಲ.

ಬೇವಿನ ಬೀಜದ ಕಷಾಯ, 100 ಲೀಟರ್ ನೀರಿಗೆ 5 ಕಿಲೊ ಬೀಜ. ಕೆಲಸ ನಿಧಾನ. ಆದರೆ ಹೇನು ತಿನ್ನುವ ಗುಲಗಂಜಿ ಹುಳು ಉಳಿಯುತ್ತದೆ, ಹೊಡೆದವನೂ ಉಳಿಯುತ್ತಾನೆ.

ನಮ್ಮ ತೀರ್ಪು ಇಷ್ಟೆ: ಮೊದಲು ಬೇವು. ಅದಕ್ಕೂ ಹೇನು ತಡೆಯದಿದ್ದರೆ ಮಾತ್ರ ಮುಂದಿನ ಮಾತು. ಕೆಂಪು ತ್ರಿಕೋನ ಬೇಡವೇ ಬೇಡ, ಹಳೆ ಡಬ್ಬಿ ಪುಕ್ಕಟೆ ಕೊಟ್ಟರೂ ಬೇಡ.

ಎಣ್ಣಿ ಹೊಡೆಯುವವರಿಗೆ ರಕ್ಷಣೆಯ ಬಟ್ಟೆ ಇರಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ನಮ್ಮವರಿಗೆ ಸಿಕ್ಕಿದ್ದು ಮುಖಕ್ಕೊಂದು ಟವೆಲ್ಲು! ವಿಜಯಪುರದ ಹಾಸ್ಟೆಲಿನಾಗ ಓದುವ ತಮ್ಮ-ತಂಗಿಯರೆ, ರಜೆಗೆ ಊರಿಗೆ ಹೋದಾಗ ಡಬ್ಬಿಯ ಸಣ್ಣ ಅಕ್ಷರ ಅಪ್ಪಗ, ಕಾಕಾಗ ಓದಿ ಹೇಳ್ರಿ. ಕೈಗವಸು, ಮುಖಗವಸು ಕೊಡದೆ ಪಂಪು ಹೊರೋದಿಲ್ಲ ಅಂತ ಒಬ್ಬನೇ ಹೇಳಿದರೆ ಕೂಲಿ ತಪ್ಪೀತು. ಇಡೀ ಕೇರಿ ಹೇಳಿದರೆ ಯಾರನ್ನು ತಪ್ಪಿಸ್ತಾರ?

ಎಲೆಯ ರಸ ಹೀರುವ ಹೇನಿಗೆ ಅಂಗಡಿಯಾಗ ಎಣ್ಣಿ ಐತಿ. ನಮ್ಮ ಬೆವರು ಹೀರುವ ಹೇನಿಗೆ ಸಂಘಟನೆಯೇ ಎಣ್ಣಿ.

ಜೈ ಭೀಮ್.