ನೆರವು ಪಡೆಯುವುದು ಹೇಡಿತನವೇ?

"ಗಂಡಸಾದವನು ಸಿಗರೇಟನ್ನು ಒಂದೇ ಏಟಿಗೆ ಬಿಡಬೇಕು, ನಿಕೋಟಿನ್ ಗಮ್ ಅಗಿಯುವುದು ಹೇಡಿತನ" ಎಂದು ಮದುವೆಮನೆಗಳಲ್ಲಿ ಉಪದೇಶಿಸುವ ಬಂಧುಗಳೊಡನೆ ನನ್ನದೊಂದು ತಕರಾರಿದೆ.

ಒಮ್ಮೆಗೇ ಬಿಡುವುದು ಮೇಲೆಂಬುದು ನಿಜ. 2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ ಹಾಗೆ ಬಿಟ್ಟವರ ಪೈಕಿ ಶೇ. 22 ಮಂದಿ ಆರು ತಿಂಗಳ ಬಳಿಕವೂ ಸೇದಿರಲಿಲ್ಲ. ಹಂತಹಂತವಾಗಿ ಬಿಟ್ಟವರಲ್ಲಿ ಶೇ. 15.5. ಆದರೆ ಆ ಎರಡೂ ಗುಂಪುಗಳಿಗೆ ನಿಕೋಟಿನ್ ಪಟ್ಟಿ ಕೊಡಲಾಗಿತ್ತು! ಯಾವ ನೆರವೂ ಇಲ್ಲದ ಪ್ರಯತ್ನಗಳಲ್ಲಿ ದೀರ್ಘಕಾಲ ನಿಲ್ಲುವುವು ನೂರಕ್ಕೆ ಮೂರರಿಂದ ಐದು ಮಾತ್ರ. ಉಳಿದವರೆಲ್ಲ ಹೇಡಿಗಳೇ? ಮೊದಲ ದಿನಗಳ ಚಡಪಡಿಕೆ, ನಿದ್ರಾಹೀನತೆಗಳು ವ್ಯಸನದ ಲಕ್ಷಣಗಳೇ ಹೊರತು ಚಾರಿತ್ರ್ಯದ ದೋಷಗಳಲ್ಲ.

ಕನ್ನಡಕ ಧರಿಸಿ ಪರೀಕ್ಷೆ ಬರೆದವನನ್ನು ನಕಲು ಮಾಡಿದನೆಂದು ಯಾವ ಮೇಷ್ಟರೂ ಹೊರಗಟ್ಟಿಲ್ಲ. ಪ್ರಿಯ ಶಿಷ್ಯರೇ, ಛಲವೊಂದೇ ಸಾಲದೆ ಸೋತಿದ್ದರೆ ನಾಚದೆ ವೈದ್ಯರನ್ನು ಕಾಣಿರಿ. ಬಿಡುವುದು ಮುಖ್ಯ, ಬಿಟ್ಟ ಬಗೆಯ ಜಂಬವಲ್ಲ.